ಬಿಟ್ಟಿ: ದುಡಿದವನ ಪದ, ಪಡೆದವನ ಬಾಯಲ್ಲಿ

‘ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಬಿಟ್ಟಿ ಎಂದರೆ ಕಾಸು ಬಿಚ್ಚದೆ ಕೈಗೆ ಬಂದದ್ದು, ಹಿಗ್ಗಿನ ಮಾತು. ಅದರ ಬೇರನ್ನು ಅಗೆದರೆ ಸಿಗುವುದು ಬಲವಂತದ ದುಡಿಮೆ. ಸಂಸ್ಕೃತದ ‘ವಿಷ್ಟಿ’ ಎಂದರೆ ಕೂಲಿ ಕೊಡದೆ, ಒಲ್ಲೆ ಎನ್ನಲು ಬಿಡದೆ ಮಾಡಿಸಿಕೊಳ್ಳುವ ಕೆಲಸ. ವಸತಿ ಬಸದಿಯಾಯಿತು, ವೀಥಿ ಬೀದಿಯಾಯಿತು, ಇಷ್ಟಿಕಾ ಇಟ್ಟಿಗೆಯಾಯಿತು. ಅದೇ ದಾರಿಯಲ್ಲಿ ವಿಷ್ಟಿ ಬಿಟ್ಟಿಯಾಯಿತು. (ಹೊಯ್ಸಳರ ಬಿಟ್ಟಿದೇವನ ಹೆಸರಿನಲ್ಲಿರುವ ಬಿಟ್ಟಿ ಬೇರೆ. ಅದು ವಿಷ್ಣುವಿನ ತದ್ಭವ.)

ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ವಿಷ್ಟಿ ಚೆನ್ನಾಗಿ ಗೊತ್ತು. ಕ್ರಿ.ಶ. 150ರ ಸುಮಾರಿನ ಜುನಾಗಢ ಶಾಸನದಲ್ಲಿ ಕ್ಷತ್ರಪ ರುದ್ರದಾಮನು, ಒಡೆದುಹೋದ ಸುದರ್ಶನ ಸರೋವರದ ಕಟ್ಟೆಯನ್ನು ತನ್ನ ಬೊಕ್ಕಸದ ಹಣದಿಂದ ಕಟ್ಟಿಸಿದೆ, ಕರ, ವಿಷ್ಟಿಗಳಿಂದ ಜನರನ್ನು ಪೀಡಿಸಲಿಲ್ಲ ಎಂದು ಕಲ್ಲಿನ ಮೇಲೆ ಕೊರೆಸಿದ್ದಾನೆ. ಪೀಡಿಸದಿರುವುದೇ ಹೊಗಳಿಕೆಯ ಸಂಗತಿಯಾಗಿತ್ತು ಎಂದರೆ ಉಳಿದ ಅರಸರ ರೂಢಿ ಏನಿತ್ತೆಂದು ಊಹಿಸಬಹುದು. ಕನ್ನಡ ನಾಡಿನ ದತ್ತಿ ಶಾಸನಗಳೂ ವಿನಾಯಿತಿ ಕೊಟ್ಟ ತೆರಿಗೆಗಳ ಸಾಲಿನಲ್ಲಿ ಬಿಟ್ಟಿಯನ್ನು ಹೆಸರಿಸುತ್ತವೆ. ಹಣವಿಲ್ಲದವನು ಮೈಯಿಂದಲೇ ಕಂದಾಯ ತೆರುತ್ತಿದ್ದ.

ಕೂಲಿಯಿಲ್ಲದ ದುಡಿಮೆಯೆಲ್ಲ ಬಿಟ್ಟಿಯಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಾಟಿಗೆ, ಕೊಯ್ಲಿಗೆ ಮುಯ್ಯಾಳಾಗಿ ಹೋದವರು ಹಣ ಮುಟ್ಟುತ್ತಿರಲಿಲ್ಲ. ಇಂದು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ಹಾಡು, ಹರಟೆ, ಊಟ ಎಲ್ಲ ಅದರೊಳಗೇ. ಅದೇ ಸೊಂಟ, ಅದೇ ಕೆಸರು. ಆದರೂ ಯಾರೂ ಅದನ್ನು ಬಿಟ್ಟಿ ಎನ್ನಲಿಲ್ಲ. ಅಲ್ಲಿ ದುಡಿಮೆ ಮರಳಿ ಬರುತ್ತಿತ್ತು. ಬಿಟ್ಟಿಯಲ್ಲಿ ಅದು ಹೋದದ್ದು ಹೋಯಿತು.

ನೆರೆಯ ಭಾಷೆಗಳು ಈ ನೋವನ್ನು ನಮಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿವೆ. ತೆಲುಗಿನಲ್ಲಿ ‘ವೆಟ್ಟಿ’ ಇಂದಿಗೂ ಬಲವಂತದ ಚಾಕರಿಯೇ. ನಿಜಾಮನ ಸೀಮೆಯಲ್ಲಿ 1946ರಿಂದ 1951ರವರೆಗೆ ನಡೆದ ತೆಲಂಗಾಣದ ರೈತ ಹೋರಾಟ ಸಿಡಿದೆದ್ದ ಕಾರಣಗಳಲ್ಲಿ ‘ವೆಟ್ಟಿ ಚಾಕಿರಿ’ ದೊಡ್ಡದು. ಮರಾಠಿಯ ‘ವೇಠ’ ಇನ್ನೂ ಮುಂದೆ ಹೋಗಿದೆ. ‘ವೇಠೀಸ್ ಧರಣೆ’ ಎಂದರೆ ಈಗ ಒತ್ತೆಯಾಗಿ ಹಿಡಿಯುವುದು. ಚೋಳರ ಶಾಸನಗಳಲ್ಲಿ ತೆರಿಗೆಯಾಗಿದ್ದ ತಮಿಳಿನ ‘ವೆಟ್ಟಿ’ಗೆ ಇಂದು ವ್ಯರ್ಥ, ಕೆಲಸವಿಲ್ಲದ ಎಂಬರ್ಥ. ಕನ್ನಡದಲ್ಲಿ ಮಾತ್ರ ಪದ ದುಡಿದವನ ಮಗ್ಗುಲಿನಿಂದ ಎದ್ದು ಪಡೆದವನ ಮಗ್ಗುಲಿಗೆ ಹೋಗಿ ಕೂತಿತು. ಕೂಲಿ ಕೊಡದವನಿಗೆ ಅದು ‘ಪುಕ್ಕಟೆ’ಯಾಗಿತ್ತಲ್ಲ! ಹಳೆಯ ಸಿಟ್ಟು ಉಳಿದಿರುವುದು ‘ನಾನೇನು ಬಿಟ್ಟಿ ಬಿದ್ದಿದೀನಾ?’ ಎಂಬ ಜಗಳದ ಮಾತಿನಲ್ಲಿ, ‘ಬಿಟ್ಟಿ ಚಾಕರಿ’ ಎಂಬ ಗೊಣಗಾಟದಲ್ಲಿ.

‘ಜೀತ’ದ ಪಾಡು ಇದಕ್ಕೆ ತದ್ವಿರುದ್ಧ. ಜೀವಿತದಿಂದ ಬಂದ ಈ ಪದಕ್ಕೆ ಹಿಂದೆ ಸಂಬಳ, ಬದುಕಿಗೆ ಸಿಗುವ ವೇತನ ಎಂಬರ್ಥವಿತ್ತು. ತೆಲುಗಿನ ನೌಕರ ಇವತ್ತೂ ತಿಂಗಳ ಕೊನೆಗೆ ‘ಜೀತಂ’ಗೆ ಕಾಯುತ್ತಾನೆ. ಕನ್ನಡದಲ್ಲಿ ಜೀತ ಎಂದರೆ ಸಾಲಕ್ಕೆ ಒತ್ತೆಯಾದ ದುಡಿಮೆ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದ ಮೇಲೂ ಜೀತವನ್ನು ತೊಡೆಯಲು 1976ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು.

ಇಷ್ಟೆಲ್ಲ ಹೇಳಿದ್ದು ಶಾಲೆಯ ಸಲುವಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಕನ್ನಡದಲ್ಲಿ ‘ಉಚಿತ ಮತ್ತು ಕಡ್ಡಾಯ ಶಿಕ್ಷಣ’ ಎನ್ನುತ್ತೇವೆ. ಬಿಟ್ಟಿಯ ಹೊಸ ಅರ್ಥ, ಹಳೆಯ ಅರ್ಥದ ಅರ್ಧ, ಎರಡೂ ಅಲ್ಲಿವೆ. ಆದರೆ ಕಡ್ಡಾಯದ ಭಾರ ಹೊರಬೇಕಾದದ್ದು ಸರ್ಕಾರ; ಮಗುವಿಗೆ ಅದು ಹಕ್ಕು. ಉಚಿತ ಎಂಬ ಪದಕ್ಕೂ ಮೂಲದಲ್ಲಿ ‘ತಕ್ಕದ್ದು’ ಎಂದೇ ಅರ್ಥ. ಸರ್ಕಾರಿ ಶಾಲೆಯ ಪುಸ್ತಕ, ಸಮವಸ್ತ್ರ, ಬಿಸಿಯೂಟವನ್ನು ‘ಬಿಟ್ಟಿ’ ಎಂದು ಹೀಯಾಳಿಸುವವರು, ದುಡಿಸಿಕೊಂಡವರ ನಾಲಿಗೆಯಿಂದ ಬಂದ ಪದವನ್ನು ದುಡಿದವರ ಮಕ್ಕಳ ಮೇಲೆಯೇ ಎಸೆಯುತ್ತಿದ್ದಾರೆ. ದಯವಿಟ್ಟು ಆ ತಟ್ಟೆಯ ಅನ್ನಕ್ಕೆ ಆ ಹೆಸರಿಡಬೇಡಿ. ಬಿಟ್ಟಿಯ ಲೆಕ್ಕ ಹಾಕಲೇಬೇಕೆಂದರೆ ಒಲೆಯ ಮುಂದೆ ನಿಂತವರಿಂದ ಶುರುಮಾಡಿ: ಬಿಸಿಯೂಟ ಬೇಯಿಸುವ ಹೆಂಗಸರಿಗೆ ಕೊಡುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಅದು ‘ಗೌರವಧನ’.