ತರಗು ಬೆಂಕಿಯಿಂದ ಬೆಂಕಿರೇಖೆಯವರೆಗೆ: ಕರ್ನಾಟಕದ ಅರಣ್ಯಗಳಲ್ಲಿ ಬೆಂಕಿ ನಿರ್ವಹಣೆಯ ಚರಿತ್ರೆ

ಕರ್ನಾಟಕದ ಅರಣ್ಯಾಡಳಿತದ ಚರಿತ್ರೆಯು ಬಹುಮಟ್ಟಿಗೆ ಮರಮಟ್ಟು, ಗಡಿ ಹಾಗೂ ಬೇಟೆಗಳ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಅದರೊಳಗೆ ಹುದುಗಿರುವ ಬೆಂಕಿಯ ಚರಿತ್ರೆಗೆ ದೊರೆತ ಗಮನ ಕಡಿಮೆ. ಮಾಗಿಯ ಚಳಿ ಇಳಿದು ಎಲೆ ಉದುರತೊಡಗಿದಂದಿನಿಂದ ಮುಂಗಾರುಪೂರ್ವ ಮಳೆ ಬೀಳುವವರೆಗಿನ ಅವಧಿಯು ಎಲೆ ಉದುರುವ ಕಾಡುಗಳಿಗೆ ಬೆಂಕಿಯ ಕಾಲ. ಈ ಅವಧಿಯನ್ನು ಜನರೂ ಪ್ರಭುತ್ವವೂ ನಿಭಾಯಿಸಿದ ಬಗೆಯನ್ನು ಪರಿಶೀಲಿಸಿದರೆ, ವಿವಾದವು ಬೆಂಕಿ ಬೇಕೇ ಬೇಡವೇ ಎಂಬುದರ ಸುತ್ತ ಮಾತ್ರ ಇರದೆ, ಅದನ್ನು ಯಾರು ಹಚ್ಚಬೇಕು, ಯಾವಾಗ ಹಚ್ಚಬೇಕು ಎಂಬುದರ ಸುತ್ತಲೂ ಇದ್ದುದು ಕಂಡುಬರುತ್ತದೆ.

ಪಶ್ಚಿಮಘಟ್ಟದ ಇಳಿಜಾರುಗಳಲ್ಲಿ ರೂಢಿಯಲ್ಲಿದ್ದ ಕುಮರಿ ಬೇಸಾಯವು ಬೆಂಕಿಯನ್ನೇ ಆಧರಿಸಿದ ಪದ್ಧತಿ. ಕಾಡಿನ ಒಂದು ತುಂಡನ್ನು ಕಡಿದು ಒಣಗಲು ಬಿಟ್ಟು, ಮಳೆಗೆ ಮುನ್ನ ಸುಟ್ಟು, ಬೂದಿಯ ಮೇಲೆ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತಿ, ಒಂದೆರಡು ಬೆಳೆಗಳ ನಂತರ ಆ ನೆಲವನ್ನು ಮತ್ತೆ ಕಾಡಿಗೇ ಬಿಡಲಾಗುತ್ತಿತ್ತು. ಹಡಗು ನಿರ್ಮಾಣಕ್ಕೂ ರೈಲುಮಾರ್ಗಕ್ಕೂ ಮರ ಬೇಕಾಗಿದ್ದ ವಸಾಹತು ಸರ್ಕಾರದ ಕಣ್ಣಿಗೆ ಇದು ಕೇವಲ ನಾಶವಾಗಿ ಕಂಡಿತು. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮರಿಯ ಪ್ರಬಲ ವಿರೋಧಿಯಾಗಿದ್ದನು. 1860ರಲ್ಲಿ ಮದರಾಸು ಸರ್ಕಾರವು ಸರ್ಕಾರಿ ಅರಣ್ಯಗಳಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. 1878ರ ಭಾರತೀಯ ಅರಣ್ಯ ಕಾಯ್ದೆಯು ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವೆಂದು ಸಾರಿತು. 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಇದೇ ಧೋರಣೆಯನ್ನು ಮುಂದುವರಿಸಿತು.

ಆದರೆ ಬೆಂಕಿಯನ್ನು ನಿಷೇಧಿಸಿದ ಇಲಾಖೆಯೇ ಬೆಂಕಿಯ ನೆರವಿಲ್ಲದೆ ಕಾಡನ್ನು ಕಾಯಲಾರದಾಯಿತು ಎಂಬುದು ಗಮನಾರ್ಹ. ಬೇಸಿಗೆಗೆ ಮುನ್ನ ಕಾಡಿನ ಅಂಚಿನಲ್ಲೂ ದಾರಿಗಳ ಇಕ್ಕೆಲಗಳಲ್ಲೂ ಹುಲ್ಲು ಸವರಿ, ಒಣಗಿದ್ದನ್ನು ಕಾವಲಿನಲ್ಲಿ ಸುಟ್ಟು ಬೆಂಕಿರೇಖೆಗಳನ್ನು ನಿರ್ಮಿಸುವುದು ಇಲಾಖೆಯ ವಾರ್ಷಿಕ ಕರ್ತವ್ಯವಾಯಿತು. ಈ ಕಾರ್ಯದ ಸುರಕ್ಷತಾ ನಿಯಮಗಳು ಸರಳ: ಗಾಳಿ ಅಡಗಿರುವ, ತೇವ ಉಳಿದಿರುವ ಹೊತ್ತನ್ನು ಆರಿಸಿಕೊಳ್ಳಬೇಕು, ಬೆಂಕಿಯು ಏರಿನತ್ತ ವೇಗವಾಗಿ ಧಾವಿಸುವುದರಿಂದ ಉರಿಯ ಮೇಲ್ಭಾಗದ ಇಳಿಜಾರಿನಲ್ಲಿ ಯಾರೂ ನಿಲ್ಲಬಾರದು, ಸುಟ್ಟ ನೆಲದ ಕಡೆಯಿಂದಲೇ ಉರಿಯನ್ನು ಸಮೀಪಿಸಬೇಕು, ಹಿಂದೆ ಸರಿಯುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹಸಿಸೊಪ್ಪಿನ ಕೊಂಬೆಯಿಂದ ಬಡಿದು ಬೆಂಕಿ ನಂದಿಸುವ ಕಾವಲುಗಾರರಲ್ಲಿ ಅನೇಕರು ಕಾಡಂಚಿನ ಹಾಗೂ ಬುಡಕಟ್ಟಿನ ಜನರೇ ಆಗಿದ್ದಾರೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ 'ತರಗು ಬೆಂಕಿ'ಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತರಗೆಲೆ ಪೂರ್ತಿ ಒಣಗುವ ಮೊದಲೇ, ನೆಲಮಟ್ಟದಲ್ಲಿ ತೆಳುವಾಗಿ ಹರಿದು ತಾನಾಗಿಯೇ ಆರಿಹೋಗುವಂತೆ ಅವರು ಬೆಂಕಿ ಹಚ್ಚುತ್ತಿದ್ದರು. ಇದರಿಂದ ಹೊಸ ಹುಲ್ಲು ಚಿಗುರುತ್ತದೆ, ನೆಲ್ಲಿಮರವನ್ನು ಹಿಂಡುವ 'ಉಪ್ಪಿಲು' ಎಂಬ ಬದನಿಕೆ ಹತೋಟಿಯಲ್ಲಿರುತ್ತದೆ, ಲಂಟಾನದ ಸಸಿಗಳು ಬೇರೂರುವ ಮೊದಲೇ ಸಾಯುತ್ತವೆ ಎಂಬುದು ಅವರ ವಿವರಣೆ. 1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾದ ಮೇಲೆ ಈ ಪದ್ಧತಿಗೆ ತಡೆ ಬಿದ್ದಿತು. ಆನಂತರದ ದಶಕಗಳಲ್ಲಿ ಲಂಟಾನವು ಬೆಟ್ಟದ ಬಹುಭಾಗವನ್ನು ಆವರಿಸಿತು. ಲಂಟಾನದ ಹರಡುವಿಕೆಗೆ ಬೆಂಕಿಯ ನಿಷೇಧವೊಂದೇ ಕಾರಣವೆನ್ನಲಾಗದು. ಮೇಲಿಂದ ಮೇಲೆ ಬೀಳುವ ತೀವ್ರ ಬೆಂಕಿಯೂ ಅದಕ್ಕೆ ಅನುಕೂಲವಾಗಬಹುದೆಂಬ ಅಭಿಪ್ರಾಯವೂ ವಿಜ್ಞಾನಿಗಳಲ್ಲಿದೆ. ಆದರೂ ಎಳೆಯ ಸಸಿಯನ್ನು ಕೊಲ್ಲುವ ಮುಂಗಾಲದ ಸಣ್ಣ ಬೆಂಕಿಯೂ ಬೆಳೆದು ನಿಂತ ಪೊದೆಗಳನ್ನು ಹತ್ತಿ ಮರದ ನೆತ್ತಿಗೇರುವ ಬೇಸಿಗೆಯ ಬೆಂಕಿಯೂ ಒಂದೇ ಅಲ್ಲ. ಕಾನೂನು ಇವೆರಡನ್ನೂ ಒಂದೇ ಹೆಸರಿನಿಂದ ಕರೆಯಿತು.

ಈ ವ್ಯತ್ಯಾಸದ ಬೆಲೆ ಇತ್ತೀಚಿನ ದಶಕದಲ್ಲಿ ಸ್ಪಷ್ಟವಾಗಿದೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತರು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಒಣಹುಲ್ಲಿನಲ್ಲೂ ಲಂಟಾನದ ಪೊದೆಗಳಲ್ಲೂ ಹಬ್ಬಿದ ಉರಿಯನ್ನು ತಡೆಯಲು ವಾಯುಪಡೆಯ ಹೆಲಿಕಾಪ್ಟರುಗಳಿಂದ ನೀರು ಸುರಿಯಬೇಕಾಯಿತು. ಉಪಗ್ರಹದ ಮೂಲಕ ಬೆಂಕಿಯ ಸುಳಿವು ಈಗ ಬೇಗನೆ ದೊರೆಯುತ್ತದೆ. ಆದರೆ ಉರಿಯ ಮುಂದೆ ನಿಲ್ಲುವವನು ಇಂದಿಗೂ ಸೊಪ್ಪಿನ ಕೊಂಬೆ ಹಿಡಿದ ಕಾವಲುಗಾರನೇ.

2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳಿಗೆ ಸಾಮುದಾಯಿಕ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ನೀಡಿದೆ. ಬಿಳಿಗಿರಿರಂಗನ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲಿಯೇ ಅಲ್ಲಿನ ಸೋಲಿಗರ ಪೋಡುಗಳಿಗೆ ಸಾಮುದಾಯಿಕ ಹಕ್ಕುಪತ್ರಗಳೂ ದೊರೆತವು. ಬೆಂಕಿರೇಖೆಯನ್ನು ಸುಡುವ ಇಲಾಖೆಯ ಅನುಭವವೂ ತರಗು ಬೆಂಕಿಯ ಸೋಲಿಗರ ಅನುಭವವೂ ಒಂದೇ ಸತ್ಯವನ್ನು ಹೇಳುತ್ತವೆ: ಸಕಾಲದಲ್ಲಿ, ಸಣ್ಣದಾಗಿ, ಕಾವಲಿನಲ್ಲಿ ಉರಿದ ಬೆಂಕಿಯು ಕಾಡಿಗೂ ಕಾಯುವವನಿಗೂ ಅಪಾಯವನ್ನು ತಗ್ಗಿಸುತ್ತದೆ. ಒಂದೂವರೆ ಶತಮಾನದ ಕಾಲ ಕಾನೂನು ಬೇರ್ಪಡಿಸಿದ ಈ ಎರಡು ತಿಳಿವಳಿಕೆಗಳನ್ನು ಜೊತೆಗೂಡಿಸುವುದು ಅರಣ್ಯನೀತಿಯ ಮುಂದಿರುವ ಹೊಣೆಯಾಗಿದೆ.