ವಾರಾನ್ನದಿಂದ ಫೆಲೋಶಿಪ್‌ವರೆಗೆ

ಕನ್ನಡದ ಹಳೆಯ ಆತ್ಮಕಥೆಗಳಲ್ಲಿ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳ ಊಟದ ಮೇಲೆ ಒಬ್ಬ ಹುಡುಗನ ಓದು ನಡೆಯುತ್ತಿತ್ತು. ಯಾವುದಾದರೂ ಮನೆಯಲ್ಲಿ ಸೂತಕವಾದರೆ ಅಥವಾ ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಕೊಡುವವರು ಒಳ್ಳೆಯವರೇ ಆಗಿರುತ್ತಿದ್ದರು. ಆದರೂ ಹುಡುಗ ಆ ಮನೆಯ ಹೊಸ್ತಿಲಲ್ಲಿ ನಿಂತು ಒಳಗಿನಿಂದ ಕರೆ ಬರುವುದನ್ನೇ ಕಾಯಬೇಕಿತ್ತು.

ಇತಿಹಾಸ ವಿಭಾಗವೊಂದಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದ ಮೊದಲ ವರ್ಷ ಈ ಪದ ನನಗೆ ಬಹಳ ನೆನಪಾಗುತ್ತಿತ್ತು. ನಮ್ಮ ಹಾಸ್ಟೆಲಿನಲ್ಲಿ ತಿಂಗಳ ಮೊದಲ ವಾರ ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದುದು ಒಂದೇ ಮಾತು: ‘ಬಂತಾ?’ ಏನು ಎಂದು ಬಿಡಿಸಿ ಹೇಳಬೇಕಿರಲಿಲ್ಲ. ಫೆಲೋಶಿಪ್ ಬಂದವನ ಮುಖ ನೋಡಿಯೇ ಗೊತ್ತಾಗುತ್ತಿತ್ತು. ಬಾರದವರು ಮೆಸ್ ಬಿಲ್ಲಿನ ಕೊನೆಯ ದಿನಾಂಕವನ್ನು ಲೆಕ್ಕ ಹಾಕುತ್ತಿದ್ದರು. ವಾರಾನ್ನದ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಹಾಗಾದರೆ ಹೊಸ್ತಿಲಲ್ಲಿ ಕಾಯುವುದು ಯಾಕೆ ಮುಗಿಯಲಿಲ್ಲ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದಾಗ ನನಗೆ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ವಾರಾನ್ನಕ್ಕೆ ಅದರದೇ ಗಡಿಗಳಿದ್ದವು. ಅದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳಲ್ಲಿ ಸಿಗುತ್ತಿದ್ದ ಅನ್ನ. ಉಳಿದವರಿಗೆ ಬೇರೆ ದಾರಿ ಬೇಕಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿ ಸಮುದಾಯದ ಸಂಘಗಳು ಹುಟ್ಟಿ ಹಾಸ್ಟೆಲುಗಳನ್ನು ಕಟ್ಟಿಸಿದವು. ಒಕ್ಕಲಿಗರ ಸಂಘ ಶುರುವಾದದ್ದು 1906ರಲ್ಲಿ. ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು ಕೊಡುವುದರ ಜೊತೆಗೆ ಅವರ ಮಕ್ಕಳ ಓದಿಗೆ ನೆರವು ನೀಡುವ ಮಾತನ್ನೂ ಎತ್ತಿತು. ಮನೆಯೊಡತಿಯ ದಯೆಯಾಗಿದ್ದದ್ದು ಹೀಗೆ ಮೆಲ್ಲಗೆ ಸಂಘದ, ಮಠದ, ಸರ್ಕಾರದ ಕರ್ತವ್ಯವಾಗುತ್ತ ಬಂತು.

ಆದರೆ ಇದೆಲ್ಲ ಶಾಲೆ, ಕಾಲೇಜಿನ ಓದಿನ ಮಾತು. ಸಂಶೋಧನೆಯ ಕತೆ ಬೇರೆ. ಅಲ್ಲಿ ಹಣ ಬೇಕಾಗುವುದು ಊಟಕ್ಕೆ ಮಾತ್ರವಲ್ಲ, ಕಾಲಕ್ಕೂ ಬೇಕು. ಮೂರು ವರ್ಷ, ಐದು ವರ್ಷ ಬೇರೇನೂ ದುಡಿಯದೆ ಒಂದೇ ವಿಷಯದ ಬೆನ್ನು ಹತ್ತುವ ಬಿಡುವಿಗೆ ಯಾರೋ ಬೆಲೆ ತೆರಬೇಕು. ಆ ಬೆಲೆ ನಡುವೆ ನಿಂತುಹೋದರೆ ಏನಾಗುತ್ತದೆ ಎಂಬುದಕ್ಕೆ ಅಂಬೇಡ್ಕರ್ ಅವರ ವಿದ್ಯಾರ್ಥಿ ಜೀವನಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಓದು ಮುಗಿಸಿ ಬಂದು ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ಕೆಲಸ ಮಾಡಬೇಕೆಂಬ ಕರಾರಿಗೆ ಸಹಿ ಹಾಕಿದ್ದಾಗಿತ್ತು. ಅಂಬೇಡ್ಕರ್ ಅದೇ ಹಣದಲ್ಲಿ ಮನೆಗೂ ಕಳಿಸುತ್ತಿದ್ದರು, ಹಳೆಯ ಪುಸ್ತಕಗಳನ್ನೂ ಕೊಳ್ಳುತ್ತಿದ್ದರು. 1915ರಲ್ಲಿ ಎಂ.ಎ. ಆಯಿತು. ಪ್ರೊಫೆಸರ್ ಸೆಲಿಗ್‌ಮನ್ ಅವರ ವಿಭಾಗದಲ್ಲಿ ಸಾರ್ವಜನಿಕ ಹಣಕಾಸಿನ ಅಭ್ಯಾಸ ನಡೆಯಿತು. 1916ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಷ್ಟರಲ್ಲಿ ವೇತನದ ಅವಧಿ ತೀರುತ್ತ ಬಂದಿತ್ತು. 1917ರಲ್ಲಿ ಅರ್ಧ ಬರೆದ ಪ್ರಬಂಧವನ್ನು ಬಿಟ್ಟು ಹಿಂದಿರುಗಬೇಕಾಯಿತು. ನಾಲ್ಕು ವರ್ಷದೊಳಗೆ ಬಂದು ಮುಗಿಸಬಹುದು ಎಂದು ಲಂಡನ್ ವಿಶ್ವವಿದ್ಯಾಲಯ ಅನುಮತಿ ಕೊಟ್ಟದ್ದು ಮಾತ್ರ ಆಸರೆ.

ಕರಾರಿನಂತೆ ಬರೋಡಕ್ಕೆ ಹೋದರೆ ಅಲ್ಲಿ ಅಸ್ಪೃಶ್ಯನಿಗೆ ಬಾಡಿಗೆಗೆ ಮನೆಯಿಲ್ಲ. ಕಚೇರಿಯ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ಪಾರ್ಸಿ ವಸತಿಗೃಹದಲ್ಲಿ ಉಳಿದುಕೊಂಡರೆ ಅಲ್ಲಿಂದಲೂ ಹೊರಗೆ ಹಾಕಿದರು. ಹತ್ತು ವರ್ಷದ ಕರಾರಿನ ಕೆಲಸ ಕೆಲವೇ ದಿನಗಳಲ್ಲಿ ಮುಗಿಯಿತು. ಮುಂದೆ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ಹಣ, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಎಲ್ಲವನ್ನೂ ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1923ರಲ್ಲಿ ಡಿ.ಎಸ್‌ಸಿ. ಪದವಿ ಬಂತು. ಆ ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ. ಸಾಲದ ರೂಪಾಯಿಯಲ್ಲಿ ಓದಿದವರು ರೂಪಾಯಿಯ ಬಗ್ಗೆಯೇ ಬರೆದರು. 1925ರಲ್ಲಿ ಬಂದ ಪ್ರಾಂತೀಯ ಹಣಕಾಸಿನ ಮೇಲಿನ ಪುಸ್ತಕವನ್ನು ಅವರು ಅರ್ಪಿಸಿದ್ದು ಸಯಾಜಿರಾಯರಿಗೆ, ತಮ್ಮ ಓದಿಗೆ ನೆರವಾದದ್ದಕ್ಕೆ. ಕೊಟ್ಟ ಮಹಾರಾಜನ ಬಗ್ಗೆ ಅವರಿಗೆ ಕೃತಜ್ಞತೆಯಿತ್ತು. ಆದರೆ ಆ ಮಹಾರಾಜನದೇ ಊರಿನಲ್ಲಿ ಅವರಿಗೊಂದು ಕೋಣೆ ಸಿಗಲಿಲ್ಲ. ಹಣ ಕೊಡುವುದು ಬೇರೆ, ಜಾಗ ಕೊಡುವುದು ಬೇರೆ ಎಂದು ಇದನ್ನು ಓದಿದಾಗಲೆಲ್ಲ ಅನ್ನಿಸುತ್ತದೆ.

ವಿಭಾಗವೆಂದರೆ ಈ ಜಾಗವೇ. 1933ರಲ್ಲಿ ಕಮಲಾ ಸೊಹೊನಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಾಗ ಅಂಕಗಳಲ್ಲಿ ಕೊರತೆಯಿರಲಿಲ್ಲ. ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಪಟ್ಟು ಬಿಡದೆ ಕುಳಿತ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಗೈಡ್ ಎಂ. ಶ್ರೀನಿವಾಸಯ್ಯ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ 1936ರಲ್ಲಿ ಎಂ.ಎಸ್‌ಸಿ. ಪಡೆದು, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಇನ್ನೊಂದು ಕಡೆ, ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾದ 1927ರ ಮೊದಲ ತಂಡದಲ್ಲಿ ಕುವೆಂಪು ಇದ್ದರು. ಅವರಿಗೆ ವಾಸಕ್ಕೆ ರಾಮಕೃಷ್ಣಾಶ್ರಮವಿತ್ತು, ತರಗತಿಯಲ್ಲಿ ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳಿದ್ದರು. ಒಬ್ಬರಿಗೆ ತಾನಾಗಿ ಒದಗಿದ ಜಾಗ ಇನ್ನೊಬ್ಬರಿಗೆ ಬಾಗಿಲಲ್ಲಿ ಕುಳಿತರೆ ಮಾತ್ರ ಸಿಕ್ಕಿತು.

ವಿಭಾಗ ಬದಲಾದರೆ ಬರೆಯುವ ಪುಸ್ತಕವೇ ಬದಲಾಗುತ್ತದೆ ಎಂಬುದಕ್ಕೆ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಸಾಕ್ಷಿ. ಮುಂಬಯಿಯಲ್ಲಿ ಅವರು ಜಿ.ಎಸ್. ಘುರ್ಯೆಯವರ ಶಿಷ್ಯ. ಕೊಡವರ ಮೇಲೆ ಎರಡು ಸಂಪುಟದಷ್ಟು ದೊಡ್ಡ ಪ್ರಬಂಧ ಬರೆದು 1944ರಲ್ಲಿ ಪಿಎಚ್.ಡಿ. ಪಡೆದರು. ಗುರು ಶಿಷ್ಯರ ಸಂಬಂಧ ಸಲೀಸಾಗಿರಲಿಲ್ಲ. ಅರ್ಧ ಶತಮಾನದ ನಂತರವೂ ಶ್ರೀನಿವಾಸ್ ಅದರ ಬಗ್ಗೆ ಲೇಖನ ಬರೆದರು ಎಂದರೆ ಆ ಗಾಯ ಎಷ್ಟು ಆಳದ್ದಿರಬೇಕು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ರ‍್ಯಾಡ್‌ಕ್ಲಿಫ್ ಬ್ರೌನ್ ಅದೇ ಕೊಡಗಿನ ಮಾಹಿತಿಯನ್ನು ಹೊಸ ಕಣ್ಣಿನಿಂದ ನೋಡಲು ಹೇಳಿದರು. ಹೊಸದಾಗಿ ಕ್ಷೇತ್ರಕಾರ್ಯವಾಗಲಿಲ್ಲ. ಅದೇ ಟಿಪ್ಪಣಿಗಳಿಂದ ಇನ್ನೊಂದು ಪ್ರಬಂಧ ಹುಟ್ಟಿತು. ಅದು 1952ರಲ್ಲಿ ಪುಸ್ತಕವಾಗಿ ಬಂದಾಗ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಸಮಾಜಶಾಸ್ತ್ರಕ್ಕೆ ಸಿಕ್ಕಿತು.

ಹಣದ ಸೂತ್ರ ಇಲ್ಲೂ ಇದೆ. ಇವಾನ್ಸ್ ಪ್ರಿಚರ್ಡ್ ಅವರ ವಿಭಾಗದಲ್ಲಿ ಶ್ರೀನಿವಾಸರಿಗೆ ಉಪನ್ಯಾಸಕ ಹುದ್ದೆ ಸಿಕ್ಕಿದಾಗ ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಬಳಸಲು ಬಿಟ್ಟರು. ಆ ಒಂದು ವರ್ಷದ ಬಿಡುವಿನಲ್ಲಿ ಅವರು ಮೈಸೂರಿನ ಹತ್ತಿರದ, ತಾವು ರಾಮಪುರವೆಂದು ಕರೆದ ಹಳ್ಳಿಗೆ 1948ರಲ್ಲಿ ಬಂದು ಕುಳಿತರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಅವರು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ನೆನಪು ಅಷ್ಟು ಗಟ್ಟಿಯಾಗಿ ಉಳಿದದ್ದು ಆ ಹಳ್ಳಿಯ ಜಗಲಿಗಳಲ್ಲಿ ಅವಸರವಿಲ್ಲದೆ ಕುಳಿತ ದಿನಗಳಿಂದ. ಸಂಬಳ ನಿಲ್ಲುತ್ತದೆಂಬ ಭಯವಿದ್ದವರು ಹಾಗೆ ಕುಳಿತುಕೊಳ್ಳಲಾರರು.

ಸ್ವಾತಂತ್ರ್ಯದ ನಂತರ ಈ ಬಿಡುವನ್ನು ಮಹಾರಾಜರ ಕೈಯಿಂದ ತೆಗೆದು ನಿಯಮದ ಕೈಗೆ ಕೊಡುವ ಪ್ರಯತ್ನ ನಡೆಯಿತು. 1956ರ ಕಾಯಿದೆಯಿಂದ ಯುಜಿಸಿ ಶಾಸನಬದ್ಧ ಸಂಸ್ಥೆಯಾಯಿತು. 1989ರಲ್ಲಿ ಎನ್‌ಇಟಿ ಪರೀಕ್ಷೆ ಶುರುವಾಯಿತು. ಅದರಲ್ಲಿ ಜೆಆರ್‌ಎಫ್ ಗೆದ್ದವರಿಗೆ ಮೊದಲ ಎರಡು ವರ್ಷ ಒಂದು ದರ, ಪ್ರಗತಿ ಒಪ್ಪಿಗೆಯಾದರೆ ಮುಂದಿನ ಮೂರು ವರ್ಷ ಹೆಚ್ಚಿನ ದರ. 2014ರಲ್ಲಿ ತಿಂಗಳಿಗೆ 25,000 ಇದ್ದ ಜೆಆರ್‌ಎಫ್ 2019ರಲ್ಲಿ 31,000 ಆಯಿತು, 2023ರಿಂದ 37,000. ಈ ಮೊತ್ತವನ್ನು ಕೇಳಿ ಊರಿನಲ್ಲಿ ಹುಬ್ಬೇರಿಸುತ್ತಾರೆ. ಹುಬ್ಬೇರಿಸುವಂಥದ್ದೇ. ಕೂಲಿಯವರ ಮಗಳೊಬ್ಬಳು ಯಾರ ಹೊಸ್ತಿಲಲ್ಲೂ ನಿಲ್ಲದೆ ಐದು ವರ್ಷ ಓದಬಹುದು ಎಂಬುದು ನಮ್ಮ ದೇಶ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು.

ಆದರೆ ಒಂದೇ ಮೇಜಿನಲ್ಲಿ ಊಟ ಮಾಡುವ ಸಂಶೋಧಕರೆಲ್ಲ ಒಂದೇ ಅಲ್ಲ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೆಆರ್‌ಎಫ್ ಇಲ್ಲದ ಪಿಎಚ್.ಡಿ. ವಿದ್ಯಾರ್ಥಿಗೆ ಸಿಗುವುದು 8,000. ಅದನ್ನೂ ನಿಲ್ಲಿಸುವ ತೀರ್ಮಾನವಾದಾಗ 2015ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿಯ ಮುಂದೆ ಕುಳಿತರು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಅದೂ ಇಲ್ಲದೆ, ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತಲೇ ಪ್ರಬಂಧ ಬರೆಯುವವರು ಬಹಳ ಜನ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ನಿಲ್ಲಿಸಲಾಗಿದೆ ಎಂದು 2022ರ ಡಿಸೆಂಬರಿನಲ್ಲಿ ಸರ್ಕಾರ ಲೋಕಸಭೆಗೆ ತಿಳಿಸಿತು.

ಮಂಜೂರಾದ ಹಣವೂ ತಾನಾಗಿ ಬರುವುದಿಲ್ಲ. ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ಖಾತೆಗೆ ಬೀಳುತ್ತದೆ. ಅದಕ್ಕೆ ವಿದ್ಯಾರ್ಥಿಯ ಸಂಸ್ಥೆ ಪ್ರತಿ ತಿಂಗಳು ಖಚಿತಪಡಿಸಬೇಕು. ಅಲ್ಲಿ ‘ಮೇಕರ್’ ಎಂಬ ಒಬ್ಬರು ನಮೂದಿಸಿ, ‘ಚೆಕರ್’ ಎಂಬ ಇನ್ನೊಬ್ಬರು ಒಪ್ಪಬೇಕು. ಅದಕ್ಕೂ ಮೊದಲು ಗೈಡ್ ಸಹಿ, ಮುಖ್ಯಸ್ಥರ ಸಹಿ. ನನ್ನ ಮೊದಲ ವರ್ಷದಲ್ಲಿ ಒಬ್ಬರು ರಜೆಯ ಮೇಲೆ ಹೋದ ಕಾರಣಕ್ಕೆ ನಾಲ್ಕು ತಿಂಗಳು ನಾನು ಅಣ್ಣನಿಂದ ದುಡ್ಡು ತರಿಸಿಕೊಂಡೆ. ಕೊನೆಗೆ ಎಲ್ಲವೂ ಒಟ್ಟಿಗೆ ಬಂತು. ಆದರೆ ಆ ನಾಲ್ಕು ತಿಂಗಳಲ್ಲಿ ಹೋಗಬೇಕಿದ್ದ ಪತ್ರಾಗಾರಕ್ಕೆ ಹೋಗಲಾಗಲಿಲ್ಲ. ತಡವಾಗಿ ಬಂದ ಹಣ ಸಾಲ ತೀರಿಸಿತು, ಕಳೆದ ಕಾಲವನ್ನು ತಂದುಕೊಡಲಿಲ್ಲ.

ನನಗೆ ಅಣ್ಣನಿದ್ದ. ಎಲ್ಲರಿಗೂ ಇರುವುದಿಲ್ಲ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ತೀರಿಕೊಂಡ ರೋಹಿತ್ ವೇಮುಲ ಅವರು ಬಿಟ್ಟುಹೋದ ಪತ್ರದಲ್ಲಿ ಒಂದು ಲೆಕ್ಕವಿದೆ. ತನಗೆ ಬರಬೇಕಾದ ಏಳು ತಿಂಗಳ ಫೆಲೋಶಿಪ್, 1 ಲಕ್ಷದ 75 ಸಾವಿರ ರೂಪಾಯಿ, ಮನೆಯವರಿಗೆ ತಲುಪುವಂತೆ ನೋಡಿಕೊಳ್ಳಿ ಎಂದು ಕೋರಿದ್ದರು. ಎಂದೂ ವಾಪಸು ಕೇಳದ ಗೆಳೆಯನಿಗೆ ಅದರಲ್ಲಿ 40 ಸಾವಿರ ಕೊಡಬೇಕಿದೆ ಎಂದೂ ಬರೆದಿದ್ದರು. ಆ ಸಾವಿನ ಹಿಂದೆ ಇದ್ದದ್ದು ಹಣವೊಂದೇ ಅಲ್ಲ ಎಂದು ನಮಗೆ ಗೊತ್ತು. ಆದರೂ ಈ ಸಾಲುಗಳನ್ನು ಓದುವಾಗ ನವಲ್ ಭಥೇನಾ ಕೊಟ್ಟ ಸಾಲ ನನಗೆ ನೆನಪಾಗುತ್ತದೆ. ಸುಮಾರು ನೂರು ವರ್ಷಗಳ ಅಂತರದಲ್ಲಿ ಇಬ್ಬರು ದಲಿತ ಸಂಶೋಧಕರನ್ನು ಆಧರಿಸಿದ್ದು ಗೆಳೆಯನ ಕೈ. ಹಕ್ಕಾಗಿ ಮಂಜೂರಾದ ಹಣ ಯಾರದೋ ಸಹಿಗೆ ಕಾಯುವಷ್ಟು ಹೊತ್ತು ಮತ್ತೆ ದಯೆಯಾಗಿಬಿಡುತ್ತದೆ.

ಹಾಗಾಗಿ ಈ ವರ್ಷ ಯಾವುದಾದರೂ ವಿಭಾಗಕ್ಕೆ ಸೇರುತ್ತಿರುವವರಿಗೆ ನನ್ನ ಮಾತು ತೀರ ವ್ಯಾವಹಾರಿಕವಾದದ್ದು. ಗೈಡನ್ನು ಆರಿಸುವ ಮೊದಲು ಅವರ ಪುಸ್ತಕಗಳನ್ನು ಓದಿ, ಅವರ ಹಳೆಯ ವಿದ್ಯಾರ್ಥಿಗಳ ಜೊತೆ ಚಹಾ ಕುಡಿಯಿರಿ. ಎರಡನೆಯದರಲ್ಲಿ ಹೆಚ್ಚು ತಿಳಿಯುತ್ತದೆ. ಸೇರಿದ ದಿನದ ವರದಿಯಿಂದ ಹಿಡಿದು ಕೊಟ್ಟ ಪ್ರತಿಯೊಂದು ಅರ್ಜಿಗೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಮಾನವಿಕ ವಿಷಯದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500 ಕಂಟಿಂಜೆನ್ಸಿ ಇದೆ. ಪುಸ್ತಕಕ್ಕೆ, ಪ್ರವಾಸಕ್ಕೆ ಅದನ್ನು ಕೇಳಿ ಪಡೆಯಿರಿ, ಬಿಲ್ಲುಗಳನ್ನು ಎಸೆಯಬೇಡಿ. ವಿಭಾಗದ ಗುಮಾಸ್ತರ ಹೆಸರು ಹಿಡಿದು ಮಾತಾಡಿಸಿ. ಅವರ ಮೇಜಿನ ಮೇಲೂ ನೂರು ಜನರ ಕಾಗದಗಳಿರುತ್ತವೆ.

ಇನ್ನೊಂದು ಮಾತು. ನಿಮ್ಮ ಹಣ ಬಂದ ದಿನ ಪಕ್ಕದ ಕೋಣೆಯವರನ್ನೂ ಕೇಳಿ. ಅವರದು ಬಂದಿಲ್ಲವಾದರೆ ಮೆಸ್ ಬಿಲ್ಲಿಗೆ ಕೈ ಜೋಡಿಸಿ, ಮರುದಿನ ಕಚೇರಿಗೆ ಅವರ ಜೊತೆ ಹೋಗಿ. ಒಬ್ಬರೇ ಹೋಗಿ ಕೇಳಿದಾಗ ‘ನಾಳೆ ಬನ್ನಿ’ ಎನ್ನುವ ಕಿಟಕಿ, ಐದು ಜನ ಹೋಗಿ ನಿಂತಾಗ ಕಡತ ಎಲ್ಲಿದೆ ಎಂದು ಹುಡುಕುತ್ತದೆ.