ದೃಕ್ ಬಿಂಬ ಸ್ಥಿರೀಕರಣ: ಮಿತಿಗಳು

ಕೈನಡುಕದಿಂದ ಚಿತ್ರ ಮಸುಕಾಗದಂತೆ ಲೆನ್ಸಿನೊಳಗೆ ಅಳವಡಿಸುವ ವ್ಯವಸ್ಥೆ. ಗೈರೊ ಸಂವೇದಕಗಳು ಅಲುಗಾಟವನ್ನು ಅಳೆಯುತ್ತವೆ. ವಿದ್ಯುತ್ಕಾಂತಗಳು ಒಂದು ಗಾಜಿನ ಗುಂಪನ್ನು ಅಡ್ಡಡ್ಡ ಸರಿಸಿ ಬಿಂಬವನ್ನು ಹಿಡಿದಿಡುತ್ತವೆ. ಬದಲಿಸಬಹುದಾದ ಲೆನ್ಸುಗಳಲ್ಲಿ ಇದು ಮೊದಲು ಬಂದದ್ದು 1995ರಲ್ಲಿ, ಕ್ಯಾನನ್‌ನ 75–300 ಮಿ.ಮೀ. ಝೂಮ್‌ನಲ್ಲಿ.

ಮುಖ್ಯ ಕೊರತೆಯೆಂದರೆ, ಇದು ಕ್ಯಾಮೆರಾದ ಚಲನೆಯನ್ನು ಸರಿದೂಗಿಸುತ್ತದೆಯೇ ಹೊರತು ಎದುರಿನ ವಸ್ತುವಿನ ಚಲನೆಯನ್ನಲ್ಲ. ಚೆನ್ನೈನ ದಕ್ಷಿಣಕ್ಕಿರುವ ಪಳ್ಳಿಕರಣೈ ಜೌಗಿನಲ್ಲಿ (2022ರಿಂದ ರಾಮ್ಸಾರ್ ತಾಣ) ರಾಜಹಂಸವೊಂದು ನೀರಿನಿಂದ ಮೇಲೇಳುವಾಗ 1/60 ಸೆಕೆಂಡಿನಲ್ಲಿ ತೆಗೆದರೆ ಹಿನ್ನೆಲೆಯ ಜೊಂಡು ಸ್ಪಷ್ಟ, ರೆಕ್ಕೆ ಮಾತ್ರ ಮಸುಕು. ರೆಕ್ಕೆ ನಿಲ್ಲಬೇಕಾದರೆ 1/1000ಕ್ಕಿಂತ ವೇಗದ ಶಟರ್ ಬೇಕು; ಅಷ್ಟು ವೇಗದಲ್ಲಿ ಸ್ಥಿರೀಕರಣದಿಂದ ಸಿಗುವ ಲಾಭ ಅತ್ಯಲ್ಪ. ಕೊಂಡವರು ಇದನ್ನು ತಡವಾಗಿ ಅರಿಯುವುದೇ ಹೆಚ್ಚು.

ಟ್ರೈಪಾಡ್ ಮೇಲೆ ಇದು ಉಪದ್ರವವೂ ಆಗಬಲ್ಲದು. ಚೆನ್ನೈನ ಮರೀನಾ ಕಡಲತೀರದಲ್ಲಿ ನಸುಕಿನ ಅಲೆಗಳನ್ನು ಹಲವು ಸೆಕೆಂಡು ಶಟರ್ ತೆರೆದಿಟ್ಟು ತೆಗೆಯುವಾಗ, ಇಲ್ಲದ ನಡುಕವನ್ನು ಹುಡುಕುವ ಗಾಜು ನಿಧಾನವಾಗಿ ಜಾರಿ ದಿಗಂತದ ಗೆರೆಯನ್ನೇ ದಪ್ಪಗಾಗಿಸಬಹುದು. ಹಲವು ಹೊಸ ಲೆನ್ಸುಗಳು ಟ್ರೈಪಾಡನ್ನು ತಾವೇ ಗುರುತಿಸುತ್ತವೆ. ಹಳೆಯವುಗಳಲ್ಲಿ ಸ್ವಿಚ್ ಆರಿಸುವುದೇ ಕ್ಷೇಮ. ಓಡುವ ಲೋಕಲ್ ರೈಲನ್ನು ಕ್ಯಾಮೆರಾ ತಿರುಗಿಸುತ್ತ ಸೆರೆಹಿಡಿಯುವಾಗಲೂ ಅಷ್ಟೇ: ಅದಕ್ಕೆಂದೇ ಇರುವ ಮೋಡ್ ಇಲ್ಲದಿದ್ದರೆ ಲೆನ್ಸು ಕೈಗೆ ಎದುರಾಡುತ್ತದೆ.

ಬೆಲೆ, ತೂಕ, ಬ್ಯಾಟರಿ ಖರ್ಚು ಹೆಚ್ಚುತ್ತವೆ. ವಿಡಿಯೊದಲ್ಲಿ ಮೋಟಾರಿನ ಗುಂಯ್‌ಗುಡುವಿಕೆ ಧ್ವನಿಮುದ್ರಣಕ್ಕೆ ಸೇರಿಕೊಳ್ಳಬಹುದು. ಮೋಟಾರ್‌ಸೈಕಲ್ ಎಂಜಿನ್ನಿನ ಕಂಪನ ಫೋನ್ ಕ್ಯಾಮೆರಾಗಳ ಈ ವ್ಯವಸ್ಥೆಯನ್ನು ಕೆಡಿಸಬಹುದೆಂದು ಆಪಲ್ 2021ರಲ್ಲಿ ಎಚ್ಚರಿಸಿತು; ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡು ಓಡಾಡುವವರಿಗೆ ಇದು ನೇರ ಅನ್ವಯ.